ಮೇಸ್ತ್ರಿ ಮೇಷ್ಟ್ರಾಗುವ ಕಾಲೇಜು
ಪ್ರೌಢ ತರಗತಿಯ ವಿದ್ಯಾರ್ಥಿಗಳಿಗೂ ಅವರ ಹೆತ್ತವರಿಗೂ ಒಂದು ಪಾಠ



‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ನಿಮಗೆಲ್ಲ ಗೊತ್ತು. ಮನೆ ಕಟ್ಟಿಸುವವನ ಕಷ್ಟವನ್ನು ಈ ಗಾದೆ ಹೇಳುತ್ತದೆ. ಆದರೆ ಮನೆಯನ್ನು ನಿಜವಾಗಿ ಕಟ್ಟುವವರು ಯಾರು? ಪಾಯ ತೋಡುವವರು, ಗೋಡೆ ಎಬ್ಬಿಸುವವರು, ನೀರಿನ ಕೊಳವೆ ಜೋಡಿಸುವವರು, ವಿದ್ಯುತ್ ತಂತಿ ಎಳೆಯುವವರು ಆ ವಿದ್ಯೆಯನ್ನು ಎಲ್ಲಿ ಕಲಿಯುತ್ತಾರೆ? ನಾವು ಈಗ ನೆಲೆಸಿರುವ ಅಮೆರಿಕದಲ್ಲಿ ಈ ಪ್ರಶ್ನೆಗೆ ಇರುವ ಒಂದು ಮುಖ್ಯ ಉತ್ತರ ಸಮುದಾಯ ಕಾಲೇಜು, ಅಂದರೆ ಕಮ್ಯುನಿಟಿ ಕಾಲೇಜು. ಈ ಪಾಠದಲ್ಲಿ ನಾವು ಅದರ ಇತಿಹಾಸ, ಅಲ್ಲಿನ ಕಲಿಕೆಯ ಕ್ರಮ, ಅದಕ್ಕೆ ಬೇಕಾದ ಲೆಕ್ಕ ಮತ್ತು ಅದರ ಲಾಭ ಕಷ್ಟಗಳನ್ನು ನೋಡೋಣ.

ಎರಡು ಪದಗಳ ಕಥೆ

ಭಾಷೆಯ ಪಾಠವಾದ್ದರಿಂದ ಮೊದಲು ಎರಡು ಪದಗಳನ್ನು ಗಮನಿಸೋಣ. ಕಟ್ಟಡದ ಕೆಲಸದ ಮುಖಂಡನನ್ನು ಕನ್ನಡದಲ್ಲಿ ‘ಮೇಸ್ತ್ರಿ’ ಎನ್ನುತ್ತೇವೆ. ಇದು ಪೋರ್ಚುಗೀಸ್ ಭಾಷೆಯ ‘ಮೆಸ್ತ್ರೆ’ ಎಂಬ ಪದದಿಂದ ಬಂದದ್ದು. ಪಾಠ ಹೇಳುವವರನ್ನು ‘ಮೇಷ್ಟ್ರು’ ಎನ್ನುತ್ತೇವೆ. ಇದು ಇಂಗ್ಲಿಷಿನ ‘ಮಾಸ್ಟರ್’ ಪದದಿಂದ ಬಂದದ್ದು. ಮೆಸ್ತ್ರೆ, ಮಾಸ್ಟರ್ ಎರಡಕ್ಕೂ ತಾಯಿ ಲ್ಯಾಟಿನ್ನಿನ ‘ಮಜಿಸ್ಟರ್’, ಅಂದರೆ ಗುರು. ಹೀಗೆ ಒಂದೇ ಬೇರಿನಿಂದ ಬಂದ ಎರಡು ಪದಗಳಲ್ಲಿ ಒಂದಕ್ಕೆ ನಾವು ಕುರ್ಚಿ ಕೊಟ್ಟೆವು, ಇನ್ನೊಂದನ್ನು ಬಿಸಿಲಿನಲ್ಲಿ ನಿಲ್ಲಿಸಿದೆವು.

ಇಂಗ್ಲಿಷಿನಲ್ಲಿಯೂ ಇಂಥ ಪದಗಳಿವೆ. ಪೂರ್ಣ ತರಬೇತಿ ಪಡೆದ ಕುಶಲಕರ್ಮಿಯನ್ನು ಇಲ್ಲಿ ‘ಜರ್ನಿಮ್ಯಾನ್’ ಎನ್ನುತ್ತಾರೆ. ಊರೂರು ಪ್ರಯಾಣ ಮಾಡುವವನು ಎಂದು ಹಲವರು ಅರ್ಥ ಮಾಡುತ್ತಾರೆ. ಆದರೆ ಅದು ಫ್ರೆಂಚಿನ ‘ಜೂರ್ನೇ’, ಅಂದರೆ ‘ಒಂದು ದಿನ’ ಎಂಬ ಪದದಿಂದ ಬಂದದ್ದು. ಕಲಿಕೆ ಮುಗಿಸಿ ದಿನದ ಕೂಲಿಯನ್ನು ಕೇಳಿ ಪಡೆಯುವ ಅರ್ಹತೆ ಗಳಿಸಿದವನು ಎಂಬುದು ಅದರ ಮೂಲಾರ್ಥ. ‘ಪ್ಲಂಬರ್’ ಎಂಬುದು ಲ್ಯಾಟಿನ್ನಿನ ‘ಪ್ಲಂಬಂ’, ಅಂದರೆ ಸೀಸ ಎಂಬ ಲೋಹದ ಹೆಸರಿನಿಂದ ಬಂದಿದೆ. ಹಿಂದೆ ನೀರಿನ ಕೊಳವೆಗಳನ್ನು ಸೀಸದಿಂದ ಮಾಡುತ್ತಿದ್ದರು.

ಮನೆತನದ ವಿದ್ಯೆಯಿಂದ ಶಾಲೆಯ ವಿದ್ಯೆಗೆ

ನಮ್ಮ ನಾಡಿನಲ್ಲಿ ಕಟ್ಟುವ ವಿದ್ಯೆ ಬಹುಕಾಲ ತಂದೆಯಿಂದ ಮಗನಿಗೆ ಬರುತ್ತಿತ್ತು. ಬೇಲೂರಿನ ಚೆನ್ನಕೇಶವ ದೇವಾಲಯದ ಶಿಲ್ಪಗಳಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಅಂದಿನ ಶಿಲ್ಪಿಗಳು ತಮ್ಮ ಕೆಲಸಕ್ಕೆ ಸಹಿ ಹಾಕುತ್ತಿದ್ದರು ಎಂಬುದು ಹೆಮ್ಮೆಯ ಮಾತು. 12ನೆಯ ಶತಮಾನದ ಶರಣರು ಎಲ್ಲ ಕಾಯಕವನ್ನೂ ಸಮಾನವೆಂದು ಸಾರಿದರು. ಅವರಲ್ಲಿ ಬಾಚಿ ಹಿಡಿದು ಮರ ಕೆತ್ತುತ್ತಿದ್ದ ಬಾಚಿಕಾಯಕದ ಬಸವಣ್ಣನೆಂಬ ಬಡಗಿಯೂ ಇದ್ದನು. ಆದರೂ ಬಡಗಿಯ ಮಗನೇ ಬಡಗಿ, ಗಾರೆಯವನ ಮಗನೇ ಗಾರೆಯವನು ಎಂಬ ಕಟ್ಟು ಸಮಾಜದಲ್ಲಿ ಉಳಿಯಿತು. ಬೇರೆ ಮನೆಯ ಮಗುವಿಗೆ ಆ ವಿದ್ಯೆಯ ಬಾಗಿಲು ತೆರೆಯುತ್ತಿರಲಿಲ್ಲ. ಆ ಮನೆಯ ಮಗುವಿಗೆ ಬೇರೆ ಬಾಗಿಲುಗಳು ತೆರೆಯುತ್ತಿರಲಿಲ್ಲ.

ಈ ಕಟ್ಟನ್ನು ಸಡಿಲಿಸುವುದು ಸಾರ್ವಜನಿಕ ಶಾಲೆ. ಭಾರತದಲ್ಲಿ ಸ್ವಾತಂತ್ರ್ಯಾನಂತರ ಬೆಳೆದ ಐ.ಟಿ.ಐ.ಗಳು ಮತ್ತು 1961ರ ಅಪ್ರೆಂಟಿಸ್ ಕಾಯಿದೆ ಇದೇ ದಿಕ್ಕಿನ ಹೆಜ್ಜೆಗಳು. ಅಮೆರಿಕದಲ್ಲಿ ಆ ಕೆಲಸದ ದೊಡ್ಡ ಪಾಲನ್ನು ಸಮುದಾಯ ಕಾಲೇಜುಗಳು ಹೊತ್ತಿವೆ.

ಸಮುದಾಯ ಕಾಲೇಜು ಬೆಳೆದ ಬಗೆ

ಇಂದಿಗೂ ನಡೆಯುತ್ತಿರುವ ಇಂಥ ಸಾರ್ವಜನಿಕ ಕಾಲೇಜುಗಳಲ್ಲಿ ಅತ್ಯಂತ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್ ಜೂನಿಯರ್ ಕಾಲೇಜು. ಅದು 1901ರಲ್ಲಿ ಕೇವಲ ಆರು ವಿದ್ಯಾರ್ಥಿಗಳಿಂದ ಆರಂಭವಾಯಿತು. ವಿಶ್ವವಿದ್ಯಾಲಯದ ಮೊದಲ ಎರಡು ವರ್ಷಗಳ ಪಾಠವನ್ನು ಊರಿನಲ್ಲಿಯೇ ಹೇಳುವುದು ಅದರ ಮೊದಲ ಉದ್ದೇಶವಾಗಿತ್ತು. ಕಸುಬಿನ ಪಾಠಗಳು ಇಂಥ ಕಾಲೇಜುಗಳಿಗೆ ನಂತರ ಬಂದವು.

1917ರ ಸ್ಮಿತ್-ಹ್ಯೂಸ್ ಕಾಯಿದೆಯಿಂದ ಪ್ರೌಢಶಾಲಾ ಮಟ್ಟದ ವೃತ್ತಿ ಶಿಕ್ಷಣಕ್ಕೆ ಕೇಂದ್ರ ಸರ್ಕಾರದ ಹಣ ಸಿಗತೊಡಗಿತು. 1937ರ ರಾಷ್ಟ್ರೀಯ ಅಪ್ರೆಂಟಿಸ್ ಕಾಯಿದೆ, ಕೆಲಸ ಕಲಿಯುವವರ ಹಿತ ಕಾಯುವ ನಿಯಮಗಳಿಗೆ ತಳಹದಿ ಹಾಕಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, ಅಧ್ಯಕ್ಷ ಟ್ರೂಮನ್ ನೇಮಿಸಿದ ಉನ್ನತ ಶಿಕ್ಷಣ ಆಯೋಗವು 1947ರಲ್ಲಿ ಕೊಟ್ಟ ವರದಿಯಿಂದ ‘ಸಮುದಾಯ ಕಾಲೇಜು’ ಎಂಬ ಹೆಸರು ಪ್ರಚಾರಕ್ಕೆ ಬಂತು. 1960ರ ದಶಕದಲ್ಲಿ ಇವುಗಳ ಸಂಖ್ಯೆ ವೇಗವಾಗಿ ಏರಿತು. ಈಗ ದೇಶದಲ್ಲಿ ಸುಮಾರು ಒಂದು ಸಾವಿರ ಸಮುದಾಯ ಕಾಲೇಜುಗಳಿವೆ.

ಕೆಲವು ಕಾಲೇಜುಗಳು ಕಸುಬಿನ ಶಾಲೆಯಾಗಿಯೇ ಹುಟ್ಟಿದವು. ಲಾಸ್ ಏಂಜಲೀಸ್ ಟ್ರೇಡ್-ಟೆಕ್ನಿಕಲ್ ಕಾಲೇಜು 1925ರಲ್ಲಿ ಫ್ರ್ಯಾಂಕ್ ವಿಗಿನ್ಸ್ ಟ್ರೇಡ್ ಸ್ಕೂಲ್ ಎಂಬ ಹೆಸರಿನಲ್ಲಿ ಆರಂಭವಾಯಿತು. ಇಂಡಿಯಾನಾ ರಾಜ್ಯದ ಐವಿ ಟೆಕ್ 1963ರಲ್ಲಿ ವೃತ್ತಿ ಶಿಕ್ಷಣಕ್ಕೆಂದೇ ಸ್ಥಾಪನೆಯಾಯಿತು. ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ನಗರದ ಲೇನಿ ಕಾಲೇಜಿನಲ್ಲಿ ಬಡಗಿ ಕೆಲಸವನ್ನು ಕಲಿಸುತ್ತಾರೆ. ಇಂಥ ತರಗತಿಗಳ ಬೋಧಕರಲ್ಲಿ ಹಲವರು ವರ್ಷಗಟ್ಟಲೆ ಕಟ್ಟಡದ ಕೆಲಸ ಮಾಡಿ ಬಂದವರು. ಮೇಸ್ತ್ರಿಯೇ ಇಲ್ಲಿ ಮೇಷ್ಟ್ರು.

ಏನನ್ನು ಕಲಿಸುತ್ತಾರೆ?

ಬಡಗಿ ಕೆಲಸ, ವಿದ್ಯುತ್ ಕೆಲಸ, ಕೊಳಾಯಿ ಕೆಲಸ, ಗಾರೆ ಕೆಲಸ, ಬೆಸುಗೆ, ಮನೆಗೆ ಶಾಖ ಮತ್ತು ತಂಪು ಒದಗಿಸುವ ಯಂತ್ರಗಳ ಕೆಲಸ ಇವು ಸಾಮಾನ್ಯವಾದ ವಿಷಯಗಳು. ಎಲ್ಲ ಕಾಲೇಜುಗಳಲ್ಲಿಯೂ ಎಲ್ಲವೂ ಇರುವುದಿಲ್ಲ. ಒಂದು ವರ್ಷ ಅಥವಾ ಅದಕ್ಕೂ ಕಡಿಮೆ ಅವಧಿಯ ಪ್ರಮಾಣಪತ್ರಗಳಿವೆ. ಸುಮಾರು 60 ಕ್ರೆಡಿಟ್‌ಗಳ, ಎರಡು ವರ್ಷದ ಅಸೋಸಿಯೇಟ್ ಪದವಿಯೂ ಇದೆ.

ಅನೇಕ ಕಾಲೇಜುಗಳು ಎನ್‌ಸಿಸಿಇಆರ್ ಎಂಬ ಸಂಸ್ಥೆಯ ಪಠ್ಯಕ್ರಮವನ್ನು ಅನುಸರಿಸುತ್ತವೆ. ಯಾವ ಕಸುಬನ್ನು ಆರಿಸಿಕೊಂಡರೂ ಮೊದಲು ಕಲಿಯಬೇಕಾದ ಸಾಮಾನ್ಯ ಪಾಠಗಳು ಅದರಲ್ಲಿವೆ: ಸುರಕ್ಷತೆ, ಕಟ್ಟಡದ ಗಣಿತ, ಕೈ ಉಪಕರಣಗಳು, ವಿದ್ಯುತ್ ಉಪಕರಣಗಳು, ನಕ್ಷೆ ಓದುವುದು, ಭಾರ ಎತ್ತಿ ಸಾಗಿಸುವುದು. ಇವುಗಳ ಜೊತೆಗೆ ಇನ್ನೊಂದು ಪಾಠವಿದೆ. ಅದು ಸ್ಪಷ್ಟವಾಗಿ ಮಾತನಾಡುವುದು ಮತ್ತು ಬರೆಯುವುದು. ಹೇಳಿದ ಮಾತು ತಪ್ಪಾಗಿ ಕೇಳಿಸಿದರೆ ಕಟ್ಟಡದ ಮೇಲೆ ಪ್ರಾಣವೇ ಹೋಗಬಹುದು. ಆದ್ದರಿಂದ ಭಾಷೆಯೂ ಇಲ್ಲಿ ಒಂದು ಉಪಕರಣವೇ.

ಸುರಕ್ಷತೆಯ ಪಾಠವನ್ನು ಸ್ವಲ್ಪ ವಿವರವಾಗಿ ನೋಡೋಣ. 1970ರ ಕಾಯಿದೆಯಿಂದ ಹುಟ್ಟಿದ ‘ಓಶಾ’ ಎಂಬ ಸರ್ಕಾರಿ ಸಂಸ್ಥೆ ಕೆಲಸದ ಜಾಗದ ಸುರಕ್ಷತೆಯನ್ನು ನೋಡಿಕೊಳ್ಳುತ್ತದೆ. ಹೊಸಬರಿಗೆ 10 ಗಂಟೆಗಳ, ಮೇಲ್ವಿಚಾರಕರಿಗೆ 30 ಗಂಟೆಗಳ ತರಬೇತಿಯ ವ್ಯವಸ್ಥೆಯಿದೆ. ಕಟ್ಟಡ ಕೆಲಸದಲ್ಲಿ ಪ್ರಾಣಕ್ಕೆ ಎರವಾಗುವ ನಾಲ್ಕು ಮುಖ್ಯ ಅಪಾಯಗಳನ್ನು ಅಲ್ಲಿ ಒತ್ತಿ ಹೇಳುತ್ತಾರೆ: ಎತ್ತರದಿಂದ ಬೀಳುವುದು, ವಸ್ತು ಬಂದು ಬಡಿಯುವುದು, ನಡುವೆ ಸಿಕ್ಕಿಕೊಳ್ಳುವುದು, ವಿದ್ಯುತ್ ತಗಲುವುದು. ಸಾಮಾನ್ಯವಾಗಿ 6 ಅಡಿ ಅಥವಾ ಅದಕ್ಕಿಂತ ಎತ್ತರದಲ್ಲಿ ಕೆಲಸ ಮಾಡುವವರಿಗೆ ಬೀಳದಂತೆ ರಕ್ಷಣೆ ಇರಲೇಬೇಕು. 5 ಅಡಿ ಅಥವಾ ಅದಕ್ಕಿಂತ ಆಳದ ಗುಂಡಿಯಲ್ಲಿ, ಗಟ್ಟಿ ಬಂಡೆಯನ್ನೇ ಕೊರೆದ ಗುಂಡಿಯ ಹೊರತು, ಮಣ್ಣು ಕುಸಿಯದಂತೆ ಆಸರೆ ಕೊಡಬೇಕು. ಒಂದು ಘನಗಜ ಮಣ್ಣಿಗೆ ಒಂದು ಸಣ್ಣ ಕಾರಿನಷ್ಟು ಭಾರವಿರಬಹುದು ಎಂಬುದನ್ನು ನೆನಪಿಟ್ಟರೆ ಈ ನಿಯಮದ ಕಾರಣ ತಿಳಿಯುತ್ತದೆ.

ಗಣಿತವಿಲ್ಲದೆ ಗೋಡೆಯಿಲ್ಲ

‘ಓದು ತಲೆಗೆ ಹತ್ತದಿದ್ದರೆ ಕೈಕೆಲಸಕ್ಕೆ ಹಾಕಿ’ ಎಂದು ಹೇಳುವವರು ಇದ್ದಾರೆ. ಅವರು ಕೆಳಗಿನ ಮೂರು ಲೆಕ್ಕಗಳನ್ನು ಮಾಡಿ ನೋಡಬೇಕೆಂದು ನಮ್ಮ ವಿನಂತಿ.

ಮೊದಲನೆಯದು ಮೂಲೆಯ ಲೆಕ್ಕ. ಕೋಣೆಯ ಮೂಲೆ ಸರಿಯಾಗಿ 90 ಡಿಗ್ರಿ ಇದೆಯೇ ಎಂದು ತಿಳಿಯುವುದು ಹೇಗೆ? ಮೂಲೆಯಿಂದ ಒಂದು ಗೋಡೆಯ ಉದ್ದಕ್ಕೆ 3 ಅಡಿ, ಇನ್ನೊಂದರ ಉದ್ದಕ್ಕೆ 4 ಅಡಿ ಅಳೆದು ಗುರುತು ಮಾಡಬೇಕು. ಎರಡು ಗುರುತುಗಳ ನಡುವೆ ಸರಿಯಾಗಿ 5 ಅಡಿ ಬಂದರೆ ಮೂಲೆ ನೇರವಾಗಿದೆ. ದೊಡ್ಡ ಪಾಯಕ್ಕೆ ಇದನ್ನೇ ಹೆಚ್ಚಿಸಿ 12, 16, 20 ಅಡಿ ಎಂದು ಅಳೆಯಬಹುದು. ನೀವು ಶಾಲೆಯಲ್ಲಿ ಪೈಥಾಗೊರಸನ ಪ್ರಮೇಯವೆಂದು ಓದುವುದೂ, ನಮ್ಮ ಬೌಧಾಯನ ಶುಲ್ಬಸೂತ್ರದಲ್ಲಿ ಯಜ್ಞವೇದಿಕೆಗಾಗಿ ಹೇಳಿರುವುದೂ ಇದೇ ತತ್ತ್ವ.

ಎರಡನೆಯದು ಮೆಟ್ಟಿಲ ಲೆಕ್ಕ. ಇಲ್ಲಿ ಹಲವೆಡೆ ಅನುಸರಿಸುವ ವಸತಿ ಕಟ್ಟಡ ನಿಯಮಾವಳಿಯಂತೆ ಒಂದು ಮೆಟ್ಟಿಲ ಎತ್ತರ ಏಳೂಮುಕ್ಕಾಲು ಅಂಗುಲವನ್ನು ಮೀರಬಾರದು. ಪಾದ ಇಡುವ ಜಾಗ 10 ಅಂಗುಲಕ್ಕಿಂತ ಕಡಿಮೆ ಇರಬಾರದು. ಒಂದು ಅಂತಸ್ತಿನಿಂದ ಇನ್ನೊಂದಕ್ಕೆ 9 ಅಡಿ, ಅಂದರೆ 108 ಅಂಗುಲ ಎತ್ತರವಿದೆ ಎನ್ನೋಣ. 108ನ್ನು 7.75ರಿಂದ ಭಾಗಿಸಿದರೆ 13.9 ಬರುತ್ತದೆ. ಅರ್ಧ ಮೆಟ್ಟಿಲು ಕಟ್ಟಲಾಗದು. ಆದ್ದರಿಂದ 14 ಏರುಗಳು ಬೇಕು. 108ನ್ನು 14ರಿಂದ ಭಾಗಿಸಿದರೆ ಪ್ರತಿ ಏರಿನ ಎತ್ತರ ಸುಮಾರು 7.71 ಅಂಗುಲ. ಎಲ್ಲ ಮೆಟ್ಟಿಲುಗಳೂ ಸಮನಾಗಿರಬೇಕು. ಅತಿ ಎತ್ತರದ ಏರಿಗೂ ಅತಿ ಗಿಡ್ಡನೆಯ ಏರಿಗೂ ನಡುವಿನ ವ್ಯತ್ಯಾಸ ಅಂಗುಲದ ಎಂಟನೆಯ ಮೂರು ಭಾಗವನ್ನು ಮೀರಬಾರದು. ಏಕೆಂದರೆ ನಾಲ್ಕು ಮೆಟ್ಟಿಲು ಹತ್ತಿದ ಕಾಲು ಐದನೆಯದೂ ಅಷ್ಟೇ ಎಂದು ನಂಬಿಬಿಡುತ್ತದೆ.

ಮೂರನೆಯದು ಕಾಂಕ್ರೀಟಿನ ಲೆಕ್ಕ. 20 ಅಡಿ ಉದ್ದ, 12 ಅಡಿ ಅಗಲ, 4 ಅಂಗುಲ ದಪ್ಪದ ನೆಲಕ್ಕೆ ಎಷ್ಟು ಕಾಂಕ್ರೀಟು ಬೇಕು? 4 ಅಂಗುಲವೆಂದರೆ ಅಡಿಯ ಮೂರನೆಯ ಒಂದು ಭಾಗ. 20 ಮತ್ತು 12ನ್ನು ಗುಣಿಸಿ 3ರಿಂದ ಭಾಗಿಸಿದರೆ 80 ಘನ ಅಡಿ. ಇಲ್ಲಿ ಕಾಂಕ್ರೀಟನ್ನು ಘನಗಜದಲ್ಲಿ ಮಾರುತ್ತಾರೆ. ಒಂದು ಘನಗಜಕ್ಕೆ 27 ಘನ ಅಡಿ. ಆದ್ದರಿಂದ ಹತ್ತಿರ ಹತ್ತಿರ 3 ಘನಗಜ ಬೇಕು. ನೆಲದ ಏರುತಗ್ಗಿಗೆ, ಚೆಲ್ಲಿಹೋಗುವುದಕ್ಕೆ ಸ್ವಲ್ಪ ಹೆಚ್ಚೇ ತರಿಸಬೇಕು. ಕಡಿಮೆ ಬಿದ್ದರೆ ಮತ್ತೊಂದು ಲಾರಿ ಬರುವಷ್ಟರಲ್ಲಿ ಮೊದಲು ಸುರಿದದ್ದು ಗಟ್ಟಿಯಾಗಲು ಆರಂಭಿಸಿರುತ್ತದೆ.

ಇನ್ನೊಂದು ಸ್ವಾರಸ್ಯವಿದೆ. ಅಂಗಡಿಯಲ್ಲಿ ‘ಟೂ ಬೈ ಫೋರ್’ ಎಂದು ಮಾರುವ ಮರದ ಪಟ್ಟಿಯನ್ನು ಅಳೆದರೆ ಅದು 2 ಅಂಗುಲಕ್ಕೆ 4 ಅಂಗುಲ ಇರುವುದಿಲ್ಲ. ಒಂದೂವರೆಗೆ ಮೂರೂವರೆ ಅಂಗುಲ ಇರುತ್ತದೆ. ಹಸಿ ಮರವನ್ನು ಒಣಗಿಸಿ, ಉಜ್ಜಿ ನಯ ಮಾಡಿದಾಗ ಗಾತ್ರ ಇಳಿಯುತ್ತದೆ, ಹೆಸರು ಮಾತ್ರ ಹಾಗೆಯೇ ಉಳಿದಿದೆ. ಈ ಪಟ್ಟಿಗಳನ್ನು ಗೋಡೆಯಲ್ಲಿ ಸಾಮಾನ್ಯವಾಗಿ 16 ಅಂಗುಲಕ್ಕೊಂದರಂತೆ ನಿಲ್ಲಿಸುತ್ತಾರೆ. ಗೋಡೆಗೆ ಹೊದಿಸುವ ಹಲಗೆಯ ಉದ್ದ 8 ಅಡಿ, ಅಂದರೆ 96 ಅಂಗುಲ. ಅದರಲ್ಲಿ 16 ಸರಿಯಾಗಿ ಆರು ಸಲ ಸೇರುತ್ತದೆ. ಹೀಗಾಗಿ ಹಲಗೆಯ ಅಂಚು ಪಟ್ಟಿಯ ಮೇಲೆಯೇ ಬಂದು ಕೂರುತ್ತದೆ.

ಕಲಿಯುತ್ತಲೇ ಗಳಿಸುವುದು

ಕಾಲೇಜಿನ ಪ್ರಮಾಣಪತ್ರವೊಂದರಿಂದಲೇ ಯಾರೂ ಜರ್ನಿಮ್ಯಾನ್ ಆಗುವುದಿಲ್ಲ. ಅದಕ್ಕೆ ಅಪ್ರೆಂಟಿಸ್ ಆಗಿ ಅನುಭವಿಗಳ ಕೈಕೆಳಗೆ ದುಡಿಯಬೇಕು. ಗಂಟೆಗಳ ಲೆಕ್ಕದಲ್ಲಿ ನಡೆಯುವ ನೋಂದಾಯಿತ ಅಪ್ರೆಂಟಿಸ್ ತರಬೇತಿಗೆ ಕನಿಷ್ಠ 2,000 ಗಂಟೆಗಳ ಕೆಲಸ ಬೇಕು. ಜೊತೆಗೆ ವರ್ಷಕ್ಕೆ 144 ಗಂಟೆಗಳ ತರಗತಿ ಪಾಠವಿರಬೇಕೆಂಬುದು ಶಿಫಾರಸು. ವಿದ್ಯುತ್ ಕೆಲಸದಂಥ ಕಸುಬಿಗೆ ಸಾಮಾನ್ಯವಾಗಿ ನಾಲ್ಕರಿಂದ ಐದು ವರ್ಷ ಹಿಡಿಯುತ್ತದೆ. ಆ ತರಗತಿ ಪಾಠವನ್ನು ಹಲವೆಡೆ ಸಮುದಾಯ ಕಾಲೇಜುಗಳೇ ನಡೆಸುತ್ತವೆ. ಹಗಲು ಕೆಲಸ, ಸಂಜೆ ಪಾಠ. ಅಪ್ರೆಂಟಿಸನಿಗೆ ಮೊದಲ ದಿನದಿಂದಲೇ ಸಂಬಳವಿರುತ್ತದೆ. ಅದು ಪೂರ್ಣ ಕೂಲಿಗಿಂತ ಕಡಿಮೆಯಿಂದ ಆರಂಭವಾಗಿ, ಕೌಶಲ ಬೆಳೆದಂತೆ ಹಂತ ಹಂತವಾಗಿ ಏರುತ್ತದೆ.

ಖರ್ಚಿನ ಮಾತು ಹೆತ್ತವರಿಗೆ ಮುಖ್ಯ. ಕಾಲೇಜ್ ಬೋರ್ಡ್ ಸಂಸ್ಥೆಯ ಲೆಕ್ಕದಂತೆ 2024-25ರಲ್ಲಿ ಸಾರ್ವಜನಿಕ ಎರಡು ವರ್ಷದ ಕಾಲೇಜುಗಳ ಸರಾಸರಿ ವಾರ್ಷಿಕ ಶುಲ್ಕ ಸ್ಥಳೀಯರಿಗೆ 4,050 ಡಾಲರ್. ಸಾರ್ವಜನಿಕ ನಾಲ್ಕು ವರ್ಷದ ಕಾಲೇಜುಗಳಲ್ಲಿ ರಾಜ್ಯದ ನಿವಾಸಿಗಳಿಗೆ ಅದು 11,610 ಡಾಲರ್. ಗಳಿಕೆಯ ವಿಚಾರಕ್ಕೆ ಬಂದರೆ, ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2023ರ ಮೇ ತಿಂಗಳಲ್ಲಿ ಎಲೆಕ್ಟ್ರಿಷಿಯನ್ನರ ಮಧ್ಯಮ ವಾರ್ಷಿಕ ವೇತನ ಸುಮಾರು 61 ಸಾವಿರದ 600 ಡಾಲರ್ ಇತ್ತು. ಆಗ ದೇಶದ ಎಲ್ಲ ಉದ್ಯೋಗಗಳನ್ನು ಸೇರಿಸಿದ ಮಧ್ಯಮ ವೇತನ ಸುಮಾರು 48 ಸಾವಿರ ಡಾಲರ್ ಇತ್ತು. ‘ಕೈ ಕೆಸರಾದರೆ ಬಾಯಿ ಮೊಸರು’ ಎಂಬ ಗಾದೆಗೆ ಇಲ್ಲಿ ಅಂಕಿಅಂಶದ ಆಧಾರವೂ ಸಿಕ್ಕಂತಾಯಿತು.

ಹೆಣ್ಣುಮಕ್ಕಳಿಗೂ ಕರಣೆ

ನಮ್ಮ ಊರುಗಳಲ್ಲಿ ಕಟ್ಟಡ ಏಳುವ ಕಡೆ ಹೆಂಗಸರು ಮರಳು ಹೊರುವುದನ್ನೂ ಇಟ್ಟಿಗೆ ಹೊರುವುದನ್ನೂ ನಾವು ನೋಡುತ್ತ ಬಂದಿದ್ದೇವೆ. ಆದರೆ ಅವರ ಕೈಗೆ ಕರಣೆ ಕೊಟ್ಟು ಗೋಡೆ ಎಬ್ಬಿಸಲು ಕಲಿಸಿದ್ದು ತೀರ ಅಪರೂಪ. ಭಾರ ಹೊರಲು ಶಕ್ತಿಯಿದೆ ಎಂದ ಮೇಲೆ ಕಲಿಯಲು ಇಲ್ಲವೆನ್ನುವುದು ಯಾವ ನ್ಯಾಯ? ಅಮೆರಿಕದಲ್ಲಿಯೂ ಈ ಕಸುಬುಗಳಲ್ಲಿ ಮಹಿಳೆಯರ ಸಂಖ್ಯೆ ಚಿಕ್ಕದೇ. 1953ರಲ್ಲಿ ಟೆಕ್ಸಾಸಿನ ಫೋರ್ಟ್ ವರ್ತ್ ನಗರದಲ್ಲಿ 16 ಮಂದಿ ಮಹಿಳೆಯರು ಸೇರಿ ಕಟ್ಟಡ ಉದ್ಯಮದ ಮಹಿಳೆಯರ ಸಂಘವೊಂದನ್ನು ಕಟ್ಟಿದರು. ಅದು ಮುಂದೆ ರಾಷ್ಟ್ರಮಟ್ಟದ ಸಂಘವಾಗಿ ಬೆಳೆಯಿತು. ಕಾಲೇಜಿನ ತರಗತಿಗೆ ಸೇರಲು ಯಾರ ಮಗಳು, ಯಾವ ಮನೆತನ ಎಂದು ಕೇಳುವವರಿಲ್ಲ. ಅದೇ ಆ ತರಗತಿಯ ದೊಡ್ಡ ಗುಣ.

ಕಷ್ಟಗಳನ್ನೂ ತಿಳಿದಿರಬೇಕು

ಈ ದಾರಿ ಹೂವಿನ ಹಾಸಿಗೆಯಲ್ಲ. ಬಿಸಿಲು, ಹಿಮ, ಮಳೆ ಎನ್ನದೆ ದುಡಿಯಬೇಕು. ವಯಸ್ಸಾದಂತೆ ಬೆನ್ನು, ಮೊಣಕಾಲುಗಳು ನೋಯುತ್ತವೆ. ದೇಶದ ಆರ್ಥಿಕ ಸ್ಥಿತಿ ಕುಸಿದಾಗ ಮೊದಲು ನಿಲ್ಲುವ ಕೆಲಸಗಳಲ್ಲಿ ಕಟ್ಟಡದ ಕೆಲಸವೂ ಒಂದು. 2008ರ ಸುಮಾರಿಗೆ ಇದು ಎಲ್ಲರ ಕಣ್ಣಿಗೆ ಬಿತ್ತು. ಆದ್ದರಿಂದ ಸೇರುವ ಮೊದಲು ಕಾಲೇಜಿನಲ್ಲಿ ಈ ಪ್ರಶ್ನೆಗಳನ್ನು ಕೇಳಿ:

1. ಈ ತರಬೇತಿಯ ಗಂಟೆಗಳು ಅಪ್ರೆಂಟಿಸ್ ಅವಧಿಗೆ ಸೇರುತ್ತವೆಯೇ?
2. ನಮ್ಮ ರಾಜ್ಯದಲ್ಲಿ ಈ ಕಸುಬಿಗೆ ಪರವಾನಗಿ ಬೇಕೇ? ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆಯಾಗುತ್ತದೆ.
3. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಮುಗಿಸಿದರು, ಎಷ್ಟು ಮಂದಿಗೆ ಕೆಲಸ ಸಿಕ್ಕಿತು?
4. ಮುಂದೆ ನಾಲ್ಕು ವರ್ಷದ ಪದವಿಗೆ ಹೋಗಬೇಕೆಂದರೆ ಯಾವ ಕ್ರೆಡಿಟ್‌ಗಳನ್ನು ಒಪ್ಪುತ್ತಾರೆ?
5. ಉಪಕರಣ, ಬೂಟು, ಹೆಲ್ಮೆಟ್‌ಗಳಿಗೆ ಬೇರೆ ಹಣ ಕೊಡಬೇಕೇ?

ಹೆತ್ತವರಲ್ಲಿ ಒಂದು ಮಾತು

ನಮ್ಮಲ್ಲಿ ಬಹುಮಂದಿ ಓದಿನ ಬಲದಿಂದಲೇ ಕಡಲು ದಾಟಿ ಬಂದವರು. ಮಕ್ಕಳು ಇಂಜಿನಿಯರೋ ವೈದ್ಯರೋ ಆಗಲಿ ಎಂದು ಬಯಸುವುದು ಸಹಜ. ಬಿಸಿಲಿನಲ್ಲಿ ದುಡಿದ ಹಿರಿಯರ ನೆನಪು ಇರುವವರಿಗೆ ಮಕ್ಕಳು ನೆರಳಿನಲ್ಲಿರಲಿ ಎನ್ನಿಸುವುದರಲ್ಲಿ ತಪ್ಪಿಲ್ಲ. ಆದರೆ ಎಲ್ಲ ಮಕ್ಕಳ ಬುದ್ಧಿಯೂ ಪುಸ್ತಕದ ಪುಟದಲ್ಲಿಯೇ ಅರಳುವುದಿಲ್ಲ. ಕೆಟ್ಟ ಫ್ಯಾನನ್ನು ಬಿಚ್ಚಿ ಜೋಡಿಸುವ, ಮರದ ತುಂಡಿನಿಂದ ಪೆಟ್ಟಿಗೆ ಮಾಡುವ ಮಗುವಿಗೆ ‘ಇದೆಲ್ಲ ಬಿಟ್ಟು ಓದು’ ಎನ್ನುತ್ತೇವೆ. ಅದೂ ಓದೇ ಎಂದು ಆ ಮಗುವಿಗೆ ಹೇಳುವವರಾರು? ಭಾರತದ 2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ತರಗತಿಯ ಮಕ್ಕಳು ಹತ್ತು ದಿನ ಪುಸ್ತಕದ ಚೀಲವಿಲ್ಲದೆ ಬಡಗಿ, ಕುಂಬಾರ ಮೊದಲಾದವರ ಬಳಿ ಕಲಿಯಬೇಕೆಂದು ಹೇಳಿದೆ. ನಾವೂ ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹತ್ತಿರದ ಸಮುದಾಯ ಕಾಲೇಜಿನ ಕಾರ್ಯಾಗಾರವನ್ನು ನೋಡಿ ಬರಬಹುದು. ನೋಡಿದ ಮೇಲೆ ಮಗು ಬೇರೆ ದಾರಿಯನ್ನೇ ಆರಿಸಿಕೊಂಡರೂ ನಷ್ಟವಿಲ್ಲ. ತನ್ನ ಮನೆಯ ಗೋಡೆಯನ್ನು ಕಟ್ಟಿದವರ ಮೇಲೆ ಅದಕ್ಕೆ ಗೌರವವಂತೂ ಮೂಡುತ್ತದೆ.

ಪದಗಳನ್ನು ಕಲಿಯಿರಿ

ಪಾಯ: ಕಟ್ಟಡದ ಬುನಾದಿ.
ತೊಲೆ: ಮೇಲಿನ ಭಾರವನ್ನು ಹೊರುವ ಅಡ್ಡ ಮರ.
ಗಾರೆ: ಇಟ್ಟಿಗೆ ಜೋಡಿಸಲು, ಗೋಡೆಗೆ ಬಳಿಯಲು ಕಲಸಿದ ಸುಣ್ಣ ಅಥವಾ ಸಿಮೆಂಟು.
ಕರಣೆ: ಗಾರೆಯನ್ನು ಎತ್ತಿ ಬಳಿಯುವ ಉಪಕರಣ.
ರಸಮಟ್ಟ: ಮಟ್ಟಸವಾಗಿದೆಯೇ ಎಂದು ನೀರ್ಗುಳ್ಳೆಯಿಂದ ತೋರಿಸುವ ಸಾಧನ.
ಮೂಲೆಮಟ್ಟ: ಮೂಲೆ ನೇರವಾಗಿದೆಯೇ ಎಂದು ನೋಡುವ ಸಾಧನ.
ಉಜ್ಜುಗೊರಡು: ಮರವನ್ನು ನಯ ಮಾಡುವ ಸಾಧನ.
ಸಾರುವೆ: ಎತ್ತರದಲ್ಲಿ ನಿಂತು ಕೆಲಸ ಮಾಡಲು ಕಟ್ಟುವ ತಾತ್ಕಾಲಿಕ ಅಟ್ಟಣೆ.

ಅಭ್ಯಾಸ

1. ‘ಮೇಸ್ತ್ರಿ’ ಮತ್ತು ‘ಮೇಷ್ಟ್ರು’ ಪದಗಳ ಸಂಬಂಧವನ್ನು ಎರಡು ವಾಕ್ಯಗಳಲ್ಲಿ ಬರೆಯಿರಿ.
2. 27 ಅಡಿ ಉದ್ದ, 12 ಅಡಿ ಅಗಲ, 4 ಅಂಗುಲ ದಪ್ಪದ ನೆಲಕ್ಕೆ ಎಷ್ಟು ಘನಗಜ ಕಾಂಕ್ರೀಟು ಬೇಕು?
3. 16 ಅಡಿ ಉದ್ದದ ಗೋಡೆಗೆ 16 ಅಂಗುಲಕ್ಕೊಂದರಂತೆ, ಎರಡು ತುದಿಗಳಲ್ಲಿಯೂ ಇರುವಂತೆ, ಎಷ್ಟು ಮರದ ಪಟ್ಟಿಗಳು ಬೇಕು? ಅವಸರದಲ್ಲಿ 12 ಎನ್ನಬೇಡಿ.
4. ನಿಮ್ಮ ಅಜ್ಜ ಅಜ್ಜಿಗೆ ಫೋನ್ ಮಾಡಿ, ಊರಿನ ಮನೆಯನ್ನು ಯಾರು ಕಟ್ಟಿದರು ಎಂದು ಕೇಳಿ. ಅವರ ಹೆಸರನ್ನೂ, ನಿಮ್ಮ ಊರಿನಲ್ಲಿ ಬಳಸುವ ಐದು ಉಪಕರಣಗಳ ಹೆಸರುಗಳನ್ನೂ ಬರೆದು ತನ್ನಿ.

ಎರಡನೆಯ ಪ್ರಶ್ನೆಗೆ ಉತ್ತರ 4 ಘನಗಜ, ಮೂರನೆಯದಕ್ಕೆ 13 ಪಟ್ಟಿಗಳು. ನಾಲ್ಕನೆಯ ಪ್ರಶ್ನೆಗೆ ಉತ್ತರ ನಮ್ಮ ಬಳಿ ಇಲ್ಲ, ಅದನ್ನು ನೀವೇ ತರಬೇಕು. ದಾಸೋಜ, ಚಾವಣರ ಹೆಸರು ಕಲ್ಲಿನಲ್ಲಿ ಉಳಿದಿದೆ. ನಿಮ್ಮ ಅಜ್ಜನ ಮನೆ ಕಟ್ಟಿದವರ ಹೆಸರು ಕೊನೆಯ ಪಕ್ಷ ನಿಮ್ಮ ನೋಟ್‌ಪುಸ್ತಕದಲ್ಲಾದರೂ ಉಳಿಯಲಿ.